ಪೆಟ್ಟಿಗೆಯೊಳಗಿನ ಪಾಪ

ಅತ್ತೆ ಹಾಗೆ ಅಂದದ್ದು ತನ್ನ ಬಗ್ಗೆಯೇ ಎಂದು ಹಲ್ಲುಜ್ಜುವಾಗ ಅವನಿಗೆ ಖಚಿತವಾಗಿತ್ತು. ಬಾಯಿ ಮುಕ್ಕಳಿಸುವಷ್ಟರಲ್ಲಿ ಅನುಮಾನವಾಯಿತು. ಮುಖ ಒರೆಸಿಕೊಂಡು ಕನ್ನಡಿ ನೋಡಿದಾಗ, ಈ ಮುಖಕ್ಕೆ ಯಾರಾದರೂ ಇನ್ನೇನು ತಾನೇ ಅಂದಾರು ಅನ್ನಿಸಿ ಮತ್ತೆ ಖಚಿತವಾಯಿತು. ಒಂದೇ ಒಂದು ಮಾತು. ಪಾಪ. ಬೈಗುಳವಾಗಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಹೊಗಳಿಕೆಯಾಗಿದ್ದರೆ ಕೇಳಿಸಲೇ ಇಲ್ಲವೆಂಬಂತೆ ಓಡಾಡಿಕೊಂಡು, ಇನ್ನೊಮ್ಮೆ ಕೇಳಿಸಲಿ ಎಂದು ಕಾಯಬಹುದಿತ್ತು. ಪಾಪ ಅಂದರೆ ಏನು ಮಾಡುವುದು? ಬಗ್ಗಿದ ಹೆಗಲನ್ನು ಇನ್ನಷ್ಟು ಬಗ್ಗಿಸಿಕೊಂಡು ಒಪ್ಪಿಕೊಳ್ಳಬೇಕು, ಇಲ್ಲವೆ ಎದೆ ಉಬ್ಬಿಸಿ ಇನ್ನಷ್ಟು ಪಾಪ ಅನ್ನಿಸಿಕೊಳ್ಳಬೇಕು. ಅವನು ಎದೆ ಉಬ್ಬಿಸಿ ನೋಡಿದ. ಬನಿಯನ್ನಿನ ತೂತು ಅಗಲವಾಯಿತು.

ಅವನು ಹಲ್ಲಿನ ಡಾಕ್ಟರು. ವಾರವೆಲ್ಲ ಬೇರೆಯವರ ಬಾಯೊಳಗೆ ಇಣುಕಿ, "ಇನ್ನೂ ಸ್ವಲ್ಪ ದೊಡ್ಡದಾಗಿ", "ಆಯ್ತು ಆಯ್ತು", "ಉಗೀರಿ" ಎಂಬ ಮಾತುಗಳಲ್ಲೇ ಜೀವನ ಸಾಗಿಸುವ ಅವನಿಗೆ, ಊಟದ ಮೇಜಿನ ಆಚೆಗಿದ್ದ ಇಸ್ತ್ರಿ ಕೋಣೆಯಲ್ಲಿ ಇನ್ನೊಂದು ಬದುಕಿತ್ತು. ಅಲ್ಲಿ ಇಸ್ತ್ರಿ ಮೇಜಿನ ಮೇಲೆ, ಮುಚ್ಚಳ ತೆಗೆದ ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ, ಅವನು ಬಿಡಿಬಿಡಿಯಾಗಿ ತಂದು ಜೋಡಿಸಿದ, ಕರೆಂಟಿನಿಂದ ಸದ್ದು ಹುಟ್ಟಿಸುವ ಸಿಂತಸೈಜರ್ ಕೂತಿತ್ತು. ಅದಕ್ಕೆ ಪಿಯಾನೋದಂಥ ಕಪ್ಪು ಬಿಳಿ ಮನೆಗಳಿಲ್ಲ. ಬರೀ ತುಂಡುಗಳು. ಒಂದು ತುಂಡು ಗುಂಯ್ ಅನ್ನುತ್ತದೆ, ಅದಕ್ಕೆ ಬರುವುದು ಅಷ್ಟೇ. ಇನ್ನೊಂದು ಆ ಗುಂಯ್ಯನ್ನು ದಪ್ಪ ಮಾಡುತ್ತದೆ, ಸಣ್ಣ ಮಾಡುತ್ತದೆ. ಮತ್ತೊಂದು ಟಿಕ್ ಟಿಕ್ ಎಂದು ತಾಳ ಹಿಡಿಯುತ್ತದೆ. ಡಿಲೇ ಎಂಬುದೊಂದಿದೆ, ಅದು ಕೇಳಿಸಿಕೊಂಡದ್ದನ್ನು ಸ್ವಲ್ಪ ತಡೆದು ಮತ್ತೆ ಹೇಳುತ್ತದೆ, ಮತ್ತೆ ಹೇಳುತ್ತದೆ, ದನಿ ಉಡುಗಿಹೋಗುವ ತನಕ ಹೇಳುತ್ತದೆ, ಕಿವಿ ಮಂದವಾದ ದೊಡ್ಡಪ್ಪನಿಗೆ ಮದುವೆ ಸುದ್ದಿ ಮುಟ್ಟಿಸುವವರ ಹಾಗೆ. ಯಾವುದನ್ನು ಯಾವುದಕ್ಕೆ ಸೇರಿಸುವುದೆಂಬುದು ಬಣ್ಣಬಣ್ಣದ ವೈರುಗಳ ಕೈಯಲ್ಲಿ. ಒಂದು ವೈರು ಆಚೀಚೆಯಾದರೆ ನಿನ್ನೆಯ ಸಂಗೀತ ಇವತ್ತು ಇಲ್ಲ. ಮನೆಯವರು ಅದನ್ನು ಪೆಟ್ಟಿಗೆ ಅನ್ನುತ್ತಿದ್ದರು. ಹೆಂಡತಿ ಕಾಲೇಜಿನಲ್ಲಿ ಗಣಿತ ಹೇಳುವವಳು. ಪೆಟ್ಟಿಗೆ ಬಂದ ಮೇಲೆ ಅವಳು ಊಟದ ಮೇಜಿನ ಮೇಲೆ ಕಂಬಳಿ ಹಾಸಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಒಂದು ಕಡೆ ಸೀರೆ, ಇನ್ನೊಂದು ಕಡೆ ತಿದ್ದಬೇಕಾದ ಉತ್ತರಪತ್ರಿಕೆ. ಅದನ್ನು ಅವನು ನೋಡಿದ್ದ. ನೋಡಿ, ಅವಳಿಗೆ ಅಲ್ಲೇ ಗಾಳಿ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದ.

ನಿನ್ನೆ ಮಧ್ಯಾಹ್ನ, ಬಟ್ಟೆ ಒಗೆಯುವ ಮಷೀನು ಕೊನೆಯ ಸುತ್ತಿನಲ್ಲಿ ಗಡಗಡ ನಡುಗುವ ಸದ್ದನ್ನು ಹಿಡಿಯೋಣವೆಂದು ಅವನು ಮೈಕನ್ನು ಕೋಣೆಯ ಬಾಗಿಲ ಹೊರಹಿಡಿಗೆ ನೇತುಹಾಕಿದ್ದ. ಮೈಕಿನ ಹಿಂದೆ ಕಾವಲಿಗೆ ಒಂದು ತುಂಡು: ಸದ್ದು ಒಂದು ಮಟ್ಟ ಮೀರಿದರೆ ಮಾತ್ರ ಅದು ಒಂದು ಚೂರು ಕತ್ತರಿಸಿ ಒಳಗಿಟ್ಟುಕೊಳ್ಳುತ್ತದೆ, ಮಿಕ್ಕದ್ದಕ್ಕೆಲ್ಲ ಕಿವುಡು. ಮಷೀನಿಗೆ ಯಾರದೋ ಕಾಲುಚೀಲ ಸಿಕ್ಕಿಕೊಂಡು ಅದು ನಡುವೆಯೇ ನಿಂತಿತು. ಇವನು ಮೈಕನ್ನು ಮರೆತು, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿಕೊಂಡು, ತಾಳ ತಿದ್ದುತ್ತ ಕೂತ. ಆಚೆ ಅತ್ತೆ ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದರು. ಮಂಡಿ ಆಪರೇಷನ್ ಮಾಡಿಸಿಕೊಂಡು ಸುಧಾರಿಸಿಕೊಳ್ಳಲು ಮಗಳ ಮನೆಗೆ ಬಂದಿದ್ದ ಅತ್ತೆ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಅವರ ಪಿಸುಮಾತು ಕೂಡ ಕೊನೆಯ ಬೆಂಚಿಗೆ ಮುಟ್ಟುವಂಥದು. "ಅಳಿಯಂದ್ರು..." ಎಂದದ್ದು ಅವನ ಸ್ವಂತ ಕಿವಿಗೇ ಕೇಳಿಸಿತು. ಆಮೇಲೆ ಒಂದಷ್ಟು ಗುಸುಗುಸು. ಆಮೇಲೆ ಎದೆಯಾಳದಿಂದ, ದೊಡ್ಡದಾಗಿ, "ಪಾಪ!" ಕಾವಲಿನ ತುಂಡು ಅದೊಂದನ್ನೇ ಕತ್ತರಿಸಿಕೊಂಡಿತು. ಡಿಲೇ ಅದನ್ನು ಹಿಡಿದು ತಾಳದೊಳಗೆ ಎಸೆಯಿತು. ಪಾಪ ಪಾಪ, ಪಾಪ. ಪಾಪ ಪಾಪ, ಪಾಪ. ತಾಳ ನಾಲ್ಕರಲ್ಲಿ ನಡೆಯುತ್ತಿತ್ತು, ಪಾಪ ಮೂರರಲ್ಲಿ ಸುತ್ತುತ್ತಿತ್ತು. ಒಂದನ್ನೊಂದು ತಪ್ಪಿಸಿಕೊಂಡು, ಹಿಂದೆ ಬಿದ್ದು, ಅಟ್ಟಿಸಿಕೊಂಡು ಬಂದು, ಕೊನೆಗೆ ಎರಡೂ ಒಂದೇ ಹೆಜ್ಜೆಯ ಮೇಲೆ ಬಂದು ಢಿಕ್ಕಿ ಹೊಡೆದಾಗ ಅವನು ಎದ್ದು ಕುಣಿದ. ಸುಳ್ಳಲ್ಲ, ಕೈಯೆತ್ತಿ ಕುಣಿದ. ಇಷ್ಟು ವರ್ಷಗಳಲ್ಲಿ ಈ ಪೆಟ್ಟಿಗೆಯಿಂದ ಹೊರಟ ಮೊದಲ ನಿಜವಾದ ಸಂಗೀತ ಇದು ಅನ್ನಿಸಿತು. ಹಾಗೆ ಕುಣಿಯುತ್ತ ಒಂದು ಕಾಲು ಗಾಳಿಯಲ್ಲಿದ್ದಾಗ, ಅದು ಯಾರ ದನಿ, ಅದಕ್ಕೂ ಹಿಂದೆ ತನ್ನ ಕಿವಿಗೆ ಬಿದ್ದ ಮಾತು ಯಾವುದು ಎಂಬುದು ಹೊಳೆಯಿತು. ಆ ಕಾಲನ್ನು ಅವನು ಬಹಳ ಮೆಲ್ಲಗೆ ಕೆಳಗಿಟ್ಟ.

ಈಗ ತಿಂಡಿಯ ಮೇಜಿನ ಮುಂದೆ ಕೂತು ಅತ್ತೆಯ ಬಾಯನ್ನೇ ನೋಡುತ್ತಿದ್ದ. ಅದು ಅವನ ಕಸುಬಿನ ಚಾಳಿಯೆಂದು ಮನೆಯಲ್ಲಿ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಟೀವಿಯಲ್ಲಿ ಹವಾಮಾನ ಹೇಳುತ್ತಿದ್ದ ಹುಡುಗಿ ಸೀನಿದ್ದಕ್ಕೆ "ಪಾಪ, ನೆಗಡಿ" ಎಂದರು. ಕಿಟಕಿಯ ಕಟ್ಟೆಯ ಮೇಲೆ ಒಂಟಿಕಾಲಿನಲ್ಲಿ ನಿಂತ ಪಾರಿವಾಳಕ್ಕೆ "ಪಾಪ" ಎಂದರು. ಅದು ಅಡಗಿಸಿಟ್ಟುಕೊಂಡ ಇನ್ನೊಂದು ಕಾಲನ್ನು ಇಳಿಬಿಟ್ಟು ಹಾರಿಹೋಯಿತು. ಹಿಡಿ ಮುರಿದ ಕಪ್ಪಿಗೂ ಒಂದು ಪಾಪ ಸಂದಿತು. ಹಾಗಾದರೆ ಇದು ತನ್ನ ಸಾಲು: ನೆಗಡಿಯ ಹುಡುಗಿ, ಪಾರಿವಾಳ, ಕಪ್ಪು, ಅಳಿಯ. ಮಗಳಿಗೆ ಮಾತ್ರ ಅತ್ತೆ ಯಾವತ್ತೂ ಪಾಪ ಅಂದದ್ದು ಅವನು ಕೇಳಿರಲಿಲ್ಲ. ಮಗಳಿಗೆ "ನೆಟ್ಟಗೆ ಕೂತ್ಕೋ" ಅನ್ನುತ್ತಿದ್ದರು.

"ಏನು ಹಾಗೆ ನೋಡ್ತಿದ್ದೀರಿ? ನನ್ನ ಹಲ್ಲು ಸರಿಯಾಗಿದೆ ತಾನೇ?" ಎಂದರು ಅತ್ತೆ.

"ತುಂಬಾ ಚೆನ್ನಾಗಿದೆ ಅತ್ತೆ."

"ಚೆನ್ನಾಗಿರದೆ ಏನು, ಮುಂದಿನವು ನೀವೇ ಕಟ್ಟಿದ್ದಲ್ವಾ."

ಪ ಎಂಬುದು ತುಟಿಯ ಅಕ್ಷರ, ಅದರಲ್ಲಿ ಹಲ್ಲಿಗೆ ಕೆಲಸವಿಲ್ಲ, ತಾನು ಕಟ್ಟಿಕೊಟ್ಟ ಹಲ್ಲುಗಳಾದರೂ ಈ ಪಿತೂರಿಯಲ್ಲಿ ಸೇರಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ. ಸಮಾಧಾನ ಬ್ರೆಡ್ಡಿನ ತುಂಡಿನಷ್ಟು ಹೊತ್ತೂ ಉಳಿಯಲಿಲ್ಲ. ಸ್ಕೂಲಿನ ಬ್ಯಾಂಡಿನಲ್ಲಿ ಡ್ರಿಲ್ ಮೇಷ್ಟ್ರು ಅವನ ಕೈಗೆ ಒಂದು ಕಬ್ಬಿಣದ ತ್ರಿಕೋನ ಕೊಟ್ಟು, "ಇದನ್ನ ಹಿಡ್ಕೊಂಡು ನಿಂತಿರು, ಹೊಡೀಬೇಡ" ಅಂದಿದ್ದರು. ಮೆರವಣಿಗೆಯುದ್ದಕ್ಕೂ ಅವನು ಅದನ್ನು ಹಿಡಿದು ನಡೆದಿದ್ದ, ರಸ್ತೆಯ ಪಕ್ಕ ನಿಂತ ಅಮ್ಮ ಪಕ್ಕದವರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದಳು, ಪಕ್ಕದವರು ಏನೋ ಅಂದಿದ್ದರು, ಏನಂದಿದ್ದರು? ಅವತ್ತೂ ಇದೇ ಮಾತಿರಬೇಕು. ಹೋದ ತಿಂಗಳು ಬ್ಯಾಂಕ್ ಮ್ಯಾನೇಜರೊಬ್ಬರ ದವಡೆ ಹಲ್ಲು ಕೊರೆಯುವಾಗ ಡ್ರಿಲ್ಲಿನ ಪೆಡಲನ್ನು ತನಗರಿವಿಲ್ಲದೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುತ್ತಿದ್ದ, ಜುಯ್ ಜುಯ್, ಜುಯ್ಯ್, ಮ್ಯಾನೇಜರು ಒಂದೇ ಕಣ್ಣು ತೆರೆದು, ಬಾಯಿತುಂಬ ಹತ್ತಿಯಿಟ್ಟುಕೊಂಡೇ, "ಆಟ್ರೇ, ಆಳ ಆಗ್ತಿಈರಾ?" ಅಂದರು. "ತಾಳಾನಾ? ಇಲ್ಲ ಇಲ್ಲ, ನರ ನೋಡ್ತಿದ್ದೆ" ಎಂದು ಇವನು ಹೇಳಿದ್ದ. ಅವರು ಹೊರಗೆ ಹೋಗಿ ನರ್ಸಿನ ಬಳಿ ಏನಂದಿರಬಹುದು ಎಂಬುದು ಇವತ್ತು, ಬ್ರೆಡ್ಡು ಗಂಟಲಲ್ಲಿರುವಾಗ, ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಇದೆಲ್ಲ ಬೇರೆ ಯಾವ ದಿನವಾದರೂ ಆಗಿದ್ದರೆ ಚೂರನ್ನು ಅಳಿಸಿಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಇವತ್ತು ಸಂಜೆ ಲೈಬ್ರರಿಯ ಮಹಡಿಯ ಹಾಲಿನಲ್ಲಿ ಅವನ ಮೊದಲ ಸಂಗೀತ ಕಛೇರಿ. ಕ್ಲಿನಿಕ್ಕಿನ ಪಕ್ಕದ ಕನ್ನಡಕದ ಅಂಗಡಿಯವನು, ತಾನೂ ಒಂದಿಷ್ಟು ಗುಂಯ್ ಗುಂಯ್ ಮಾಡುವವನು, ಊರಿನಲ್ಲಿ ಇಂಥ ಹುಚ್ಚು ಇರುವವರನ್ನೆಲ್ಲ ಸೇರಿಸಿ "ಹೊಸ ಸದ್ದುಗಳ ಸಂಜೆ" ಎಂದು ಇಟ್ಟುಕೊಂಡಿದ್ದ. ಹುಡುಕಿದಾಗ ಅಂಥವರು ಇಬ್ಬರೇ ಸಿಕ್ಕಿದರು, ಒಬ್ಬ ಆ ಅಂಗಡಿಯವನೇ. ಅವನಿಗೂ ಕಣ್ಣುಬೇನೆ ಬಂದು, ಕೊನೆಗೆ ಸಂಜೆ ಪೂರ್ತಿ ಡಾಕ್ಟರ ತಲೆಗೆ ಬಂದಿತ್ತು. ನಿನ್ನೆ ಮಧ್ಯಾಹ್ನದವರೆಗೂ ಬಾರಿಸಲು ಇವನ ಬಳಿ ಏನೂ ಇರಲಿಲ್ಲ. ಈಗ ಇದ್ದದ್ದು ಅದೊಂದೇ.

ಬದಲಿಗೆ ಬೇರೆ ದನಿ ಹಾಕಿದರೆ? ಕೋಣೆಗೆ ಹೋಗಿ ತಾನೇ ಮೈಕಿಗೆ "ಪಾಪ" ಎಂದ. "ಉಗೀರಿ" ಅಂದ ಹಾಗೆ ಕೇಳಿಸಿತು. ಬಾಗಿಲಲ್ಲಿ ಒಣಗಿದ ಬಟ್ಟೆಯ ರಾಶಿ ಹೊತ್ತು ನಿಂತ ಹೆಂಡತಿಯನ್ನು ಕರೆದ.

"ಇಲ್ಲಿ ಬಾ. ಈ ಮೈಕಲ್ಲಿ ಒಂದ್ಸಲ ಪಾಪ ಅನ್ನು."

"ಯಾರಿಗೆ?"

"ಯಾರಿಗೂ ಅಲ್ಲ. ಸುಮ್ನೆ."

"ಸುಮ್ಸುಮ್ನೆ ಪಾಪ ಅನ್ನೋಕೆ ಬರಲ್ಲ ರೀ. ಯಾರಾದ್ರೂ ಬೇಕು."

"ಯಾರನ್ನಾದ್ರೂ ನೆನೆಸ್ಕೋ."

ಅವಳು ಬಟ್ಟೆಯ ರಾಶಿಯ ಮೇಲಿಂದ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ "ಪಾಪ" ಎಂದಳು. ಹೋಂವರ್ಕ್ ತಪ್ಪಿದೆ ಎಂಬಂತಿತ್ತು. ಡಿಲೇ ಅದನ್ನು ಹಿಂದಿರುಗಿಸಿದಾಗ ಇಡೀ ಕ್ಲಾಸೇ ಫೇಲಾದಂತಾಯಿತು. ಅವಳು ಹೋಗಲಿಲ್ಲ. ಪೆಟ್ಟಿಗೆಯ ಕಡೆ ಬಗ್ಗಿ, "ಈ ಕೆಂಪು ಗುಂಡಿ ಏನು?" ಎಂದು ಬೆರಳು ಚಾಚಿದಳು. "ಮುಟ್ಬೇಡ, ಮುಟ್ಬೇಡ, ಎಲ್ಲಾ ಹಾಳಾಗುತ್ತೆ" ಎಂದು ಇವನು ಕೈ ಅಡ್ಡ ಹಿಡಿದ. ಬೆರಳು ಹಿಂದಕ್ಕೆ ಹೋಯಿತು, ಬಟ್ಟೆಯ ರಾಶಿಯೂ ಹೋಯಿತು. ಅವಳ ದನಿ ಉಳಿಸಿಕೊಳ್ಳಲೋ ಬೇಡವೋ ಎಂದು ಒಂದು ನಿಮಿಷ ಯೋಚಿಸಿ ಅಳಿಸಿಹಾಕಿದ. ಅತ್ತೆಯ ಪಾಪದಲ್ಲಿದ್ದದ್ದು ಬೇರೆಯೇ. ಅದರ ಮೊದಲ ಪಾ ಬಾಗಿಲು ತಟ್ಟುತ್ತಿತ್ತು, ಎರಡನೆಯ ಪ ಒಳಗೆ ಬಂದು ಕೂರುತ್ತಿತ್ತು. ಅದು ಮನಸ್ಸಿನಿಂದ ಹೊರಟ ಪಾಪ. ಮನಸ್ಸಿನಿಂದ ಹೊರಟದ್ದರಿಂದಲೇ ಅವನಿಗೆ ಅಷ್ಟು ಉರಿಯುತ್ತಿತ್ತು.

ಮಧ್ಯಾಹ್ನ ಅತ್ತೆ ತಾವೂ ಕಛೇರಿಗೆ ಬರುವುದಾಗಿ ಸಾರಿದರು. ಹಾಲು ಮಹಡಿಯ ಮೇಲಿದೆ ಎಂದ. ಮೆಟ್ಟಿಲು ಹತ್ತಿ ಅಂತ ಮಂಡಿ ಡಾಕ್ಟರೇ ಹೇಳಿದ್ದಾರೆ ಎಂದರು. ಸದ್ದು ಜೋರಾಗಿರುತ್ತೆ ಎಂದ. "ಅಳಿಯಂದ್ರೇ, ನಾನು ಇಡೀ ಸ್ಕೂಲಿನ ಮಕ್ಕಳನ್ನ ಮಧ್ಯಾಹ್ನದ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದವಳು. ನಿಮ್ಮ ಪೆಟ್ಟಿಗೆ ಯಾವ ಲೆಕ್ಕ?" ಅಷ್ಟಕ್ಕೇ ಅವನ ಧೈರ್ಯ ಮುಗಿಯಿತು. ಒಳಗೆ ಹೋಗಿ, ಪಾಪದ ದನಿ ಹಾದುಬರುವ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಅದು ಅಲುಗದಂತೆ ಮೇಲೊಂದು ಟೇಪು ಅಂಟಿಸಿದ. ಬರೀ ಗುಂಯ್, ಬರೀ ಟಿಕ್ ಟಿಕ್ ಬಾರಿಸಿ ಬಂದುಬಿಡುವುದು. ಸಂಗೀತ ಹೋದರೆ ಹೋಗಲಿ, ಮನೆ ಉಳಿಯುತ್ತದೆ ಎಂದುಕೊಂಡಾಗ ತಾನು ದೊಡ್ಡ ತ್ಯಾಗಿಯೆಂಬ ಭಾವ ಬಂದು, ಆ ಭಾವದಲ್ಲೇ ಪ್ಯಾಂಟು ಹಾಕಿಕೊಂಡು, ಜಿಪ್ಪು ಹಾಕಿಕೊಳ್ಳುವುದನ್ನು ಮರೆತ. ಹೆಂಡತಿ ಕಾರಿನ ಬಳಿ ಕಣ್ಸನ್ನೆಯಲ್ಲೇ ತೋರಿಸಿದಳು.

ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟರೆ ಕುಲುಕುತ್ತದೆಂದು ಅತ್ತೆ ಹಿಂದಿನ ಸೀಟಿನಲ್ಲಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಶಾಲನ್ನು ಅದಕ್ಕೆ ಹೊದಿಸಿದರು. ಕಾರು ಓಡಿಸುತ್ತಿದ್ದವಳು ಹೆಂಡತಿ. ಇವನು ಮುಂದೆ ಕೂತು ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದ. ಅತ್ತೆಯ ದನಿ ಅತ್ತೆಯ ತೊಡೆಯ ಮೇಲೆ, ಅತ್ತೆಯ ಶಾಲು ಹೊದ್ದು, ಏನೂ ಅರಿಯದ ಕೂಸಿನಂತೆ ಮಲಗಿತ್ತು. ಅತ್ತೆ ಶಾಲಿನ ಅಂಚು ಎತ್ತಿ ನೋಡಿ, "ಅಯ್ಯೋ, ಇದರ ಕರುಳೆಲ್ಲಾ ಹೊರಗೇ ಇದೆಯಲ್ರೀ" ಎಂದರು. ರಸ್ತೆಯ ಉಬ್ಬು ಬಂದು ಎಲ್ಲರೂ ಒಂದು ಗೇಣು ಮೇಲೆದ್ದು ಕೂತರು. ಕನ್ನಡಿಯಲ್ಲಿ ಅತ್ತೆ ಶಾಲಿನೊಳಗೆ ಕೈಯಾಡಿಸುತ್ತಿದ್ದರು. "ಏನಾಯ್ತು ಅತ್ತೆ?" "ಏನಿಲ್ಲ, ನೀವು ಮುಂದೆ ನೋಡಿ." ಮುಂದೆ ನೋಡಲು ಅವನಿಗೆ ಮನಸ್ಸಿರಲಿಲ್ಲ, ಮುಂದೆ ಲೈಬ್ರರಿ ಇತ್ತು.

ಹಾಲಿನಲ್ಲಿ ಹದಿನೈದಿಪ್ಪತ್ತು ಜನ ಇದ್ದರು. ಅದರಲ್ಲಿ ಪೇಪರು ಓದಲು ಬಂದು ಫ್ಯಾನಿನ ಗಾಳಿಗೆ ಮೇಲೆ ಬಂದವರು ಕೆಲವರು. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ನಿದ್ದೆಹೋಗಿದ್ದರು. ಎರಡನೆಯ ಸಾಲಿನಲ್ಲಿ, ದೇವರೇ, ಬ್ಯಾಂಕ್ ಮ್ಯಾನೇಜರು. ಕನ್ನಡಕದ ಅಂಗಡಿಯವನು ಕೆಂಪು ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದು, "ಲೈಬ್ರರಿ ಮೈಕು ಕೆಟ್ಟಿದೆ, ನಿಮ್ಮದೇ ಕೊಡಿ ಡಾಕ್ಟ್ರೇ" ಎಂದು ಪೆಟ್ಟಿಗೆಯ ಮೈಕು ಹಿಡಿದು "ನಮಸ್ಕಾರ" ಎಂದ. ಸ್ಪೀಕರಿನಿಂದ "ಸ್ಕಾರ, ಸ್ಕಾರ, ಸ್ಕಾರ" ಎಂದು ಬಂದು, ಅವನು ಹೆದರಿ ಮೈಕು ಮೇಜಿನ ಮೇಲಿಟ್ಟು ಕೂತುಬಿಟ್ಟ. ಸ್ವಾಗತ ಭಾಷಣ ಅಲ್ಲಿಗೆ ಮುಗಿಯಿತು. ಇವನು ಗುಂಯ್ ತುಂಡಿನ ಗುಂಡಿಯನ್ನು ನಿಧಾನವಾಗಿ ಏರಿಸಿದ. ಕೆಳಮಟ್ಟದ, ಗಂಭೀರವಾದ ಗುಂಯ್. ಒಂದಿಬ್ಬರು ಫ್ಯಾನಿನ ಕಡೆ ನೋಡಿದರು. ಟಿಕ್ ಟಿಕ್ ಸೇರಿಸಿದ. ಪರವಾಗಿಲ್ಲ, ಹೀಗೇ ಅರ್ಧ ಗಂಟೆ ತಳ್ಳಬಹುದು ಎಂದು ಉಸಿರು ಬಿಟ್ಟ. ಆಗ ಎರಡೂ ಸ್ಪೀಕರುಗಳಿಂದ, ಹಾಲಿನ ಕಿಟಕಿಗಾಜು ನಡುಗುವಂತೆ, ಅತ್ತೆ "ಪಾಪ!" ಎಂದರು.

ನಿದ್ದೆಹೋದವರು ಎದ್ದು "ಯಾರು?" ಎಂದರು. ಅವನು ಟೇಪು ಕಿತ್ತು ಗುಂಡಿಯನ್ನು ಇನ್ನೂ ಕೆಳಕ್ಕೆ ತಿರುಗಿಸಿದ. ಸೊನ್ನೆಗಿಂತ ಕೆಳಗೆ ಏನೂ ಇರಲಿಲ್ಲ. ಪಾಪ ಪಾಪ, ಪಾಪ. ಎಲ್ಲಿಂದ ಬರುತ್ತಿದೆ? ವೇಗ ತಗ್ಗಿಸೋಣವೆಂದು ಇನ್ನೊಂದು ಗುಂಡಿ ಹಿಡಿದ. ಅತ್ತೆಯ ದನಿ ದಪ್ಪಗಾಗಿ, ಗಡ್ಡ ಬಂದ ಗಂಡಸಿನ "ಪಾಆಪ" ಆಯಿತು. ಗಾಬರಿಯಲ್ಲಿ ಆಚೆ ತಿರುಗಿಸಿದರೆ ಅಳಿಲು ಕೂಗಿದಂತೆ ಪಪಪಪಪ. ಮುಂದಿನ ಸಾಲಿನ ಹೆಂಗಸೊಬ್ಬಳು ಕೈಯಿಂದ ಬಾಯಿ ಮುಚ್ಚಿಕೊಂಡಳು, ಮುಚ್ಚಿದ ಕೈಯೊಳಗಿಂದ ನಗು ಪುಸಕ್ಕೆಂದಿತು, ಆಮೇಲೆ ಇಡೀ ಹಾಲೇ ನಕ್ಕಿತು. ಬ್ಯಾಂಕ್ ಮ್ಯಾನೇಜರು ಕೆನ್ನೆ ಹಿಡಿದುಕೊಂಡು ನಗುತ್ತಿದ್ದರು. ಅವನಿಗೆ ತಲೆಯೆತ್ತಲಾಗಲಿಲ್ಲ. ಹೆಸರಿಲ್ಲದೆ, ವಿಳಾಸವಿಲ್ಲದೆ, ಎರಡು ಸ್ಪೀಕರುಗಳು ಅವನ ಬಗ್ಗೆ ಒಂದೇ ಮಾತನ್ನು ಊರಿಗೆಲ್ಲ ಹೇಳುತ್ತಿದ್ದವು, ಮತ್ತೆ ಹೇಳುತ್ತಿದ್ದವು. ತಲೆ ಎತ್ತಿದಾಗ ಅತ್ತೆ ಊರುಗೋಲು ಊರಿಕೊಂಡು ಎರಡು ಸಾಲುಗಳ ನಡುವೆ ನಡೆದು ಬರುತ್ತಿದ್ದರು. ಕೋಲು ನೆಲಕ್ಕೆ ತಾಗುವುದು ಸರಿಯಾಗಿ ತಾಳದ ಮೇಲೆ ಬೀಳುತ್ತಿತ್ತು. ಆ ಸ್ಥಿತಿಯಲ್ಲೂ ಅವನ ಕಿವಿ ಅದನ್ನು ಗಮನಿಸಿ ಮೆಚ್ಚಿತು.

"ಅತ್ತೆ," ಎಂದ, "ಇದು... ಇದು ನಿಮ್ಮ..."

"ನನ್ನ ದನಿ ನನಗೆ ಗೊತ್ತಾಗಲ್ವಾ? ಅಸೆಂಬ್ಲೀಲಿ ದಿನಾ ಕೇಳಿದ್ದೇನೆ." ಅವರು ಮೇಜಿನ ಅಂಚು ಹಿಡಿದು ಬಗ್ಗಿದರು. "ಕಾರಲ್ಲಿ ಒಂದು ಹಳದಿ ವೈರು ಕಳಚಿ ಬಿತ್ತು. ನಾನೇ ಸಿಕ್ಕಿಸ್ದೆ."

"ಎಲ್ಲಿಗೆ?" ಪಾಪ ಸೊನ್ನೆಯ ಗುಂಡಿಯನ್ನು ಬಳಸಿಕೊಂಡು ಬರುತ್ತಿರುವುದು ಆ ದಾರಿಯಲ್ಲಿ ಎಂದು ಅವನಿಗೆ ಹೊಳೆಯಿತು.

"ತೂತು ಖಾಲಿ ಇತ್ತು, ಸಿಕ್ಕಿಸ್ದೆ. ಅದಿರಲಿ. ಇವರೆಲ್ಲ ಯಾಕೆ ನಗ್ತಿದ್ದಾರೆ?"

ಉತ್ತರಕ್ಕೆ ಅವರು ಕಾಯಲಿಲ್ಲ. ಜನರ ಕಡೆ ತಿರುಗಿದರು. ಅವರ ಮುಂದಿದ್ದದ್ದು ಗಲಾಟೆ ಮಾಡುವ ತರಗತಿ. ಅದಕ್ಕೇನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಮೇಜಿನ ಮೇಲಿದ್ದ ಮೈಕು ಎತ್ತಿಕೊಂಡು, ಎಲ್ಲ ಶಾಲೆಯ ಎಲ್ಲ ಟೀಚರುಗಳು ಎಲ್ಲ ಕಾಲದಲ್ಲೂ ಗದರಿಸುವ ಹಾಗೆ, "ಸದ್ದು!" ಎಂದರು.

ಹಾಲು ತಟ್ಟನೆ ಸುಮ್ಮನಾಯಿತು. ಬ್ಯಾಂಕ್ ಮ್ಯಾನೇಜರು ಕೈಕಟ್ಟಿ ಕೂತರು. ಆದರೆ ಪೆಟ್ಟಿಗೆಗೆ ಅದು ಅಪ್ಪಣೆಯೆಂದು ತಿಳಿಯಲಿಲ್ಲ. ಅದು ಸದ್ದನ್ನು ಹಿಡಿದುಕೊಂಡಿತು. ಸದ್ದು, ಸದ್ದು, ಸದ್ದು. ಎರಡನೆಯ ಸುತ್ತಿಗೆ ಅದು ಪಾಪಗಳ ನಡುವಿನ ಖಾಲಿ ಜಾಗಕ್ಕೆ ಹೋಗಿ ಕೂತಿತು. ಪಾಪ ಪಾಪ ಸದ್ದು, ಪಾಪ ಸದ್ದು, ಪಾಪ ಪಾಪ ಸದ್ದು. ಒಬ್ಬರೇ ಹೆಂಗಸು ಗದರಿಸುವುದು, ಮರುಗುವುದು, ಗದರಿಸುವುದು, ಮರುಗುವುದು. ಅವನ ಕೈ ಸ್ವಿಚ್ಚಿನ ಮೇಲಿತ್ತು, ಆರಿಸಿಬಿಡಲೆಂದು. ಆರಿಸಲಿಲ್ಲ. ಗುಂಯ್ಯನ್ನು ಕೆಳಗಿಂದ ಮೆಲ್ಲಗೆ ತಂದು ಅವೆರಡರ ಕೆಳಗೆ ಹಾಸಿದ. ತಾಳವನ್ನು ಅರ್ಧಕ್ಕೆ ಇಳಿಸಿದ. ಅತ್ತೆ ಮೈಕು ಹಿಡಿದೇ ನಿಂತಿದ್ದರು, ತಮ್ಮ ಮಾತನ್ನು ತಾವೇ ಕೇಳುತ್ತ, ತಲೆ ಸ್ವಲ್ಪ ವಾಲಿಸಿ. ಆಮೇಲೆ ಕೋಲನ್ನು ನೆಲಕ್ಕೆ ಬಡಿದರು, ಬೇಕೆಂದೇ ಬಡಿದರು. ಮೈಕು ಅದನ್ನೂ ಹಿಡಿಯಿತು. ಎಷ್ಟು ಹೊತ್ತು ನಡೆಯಿತೋ ಅವನಿಗೆ ತಿಳಿಯಲಿಲ್ಲ. ಮುಗಿದಾಗ ಜನ ಕೈತಟ್ಟುವುದೋ ಬೇಡವೋ ಎಂದು ಅತ್ತೆಯ ಮುಖ ನೋಡಿದರು. ಅವರು ತಲೆಯಾಡಿಸಿದ ಮೇಲೆ ತಟ್ಟಿದರು.

ವಾಪಸು ಬರುವಾಗ ಕಾರಿನಲ್ಲಿ ಅವನು ಬಾಯಿಬಿಟ್ಟ. ಚಪ್ಪಾಳೆ ಕೊಟ್ಟ ಧೈರ್ಯ ಇನ್ನೂ ಆರಿರಲಿಲ್ಲ. ಮೈಕು, ಕಾಲುಚೀಲ, ಮಷೀನು, ಬಾಗಿಲ ಹಿಡಿ ಎಲ್ಲ ಹೇಳಿ, ಕದ್ದು ಕೇಳಬೇಕೆಂದಿರಲಿಲ್ಲ ಎಂದು ಎರಡು ಸಲ ಹೇಳಿ, ಕೊನೆಗೆ ಕೇಳಿಯೇಬಿಟ್ಟ. "ನಿನ್ನೆ ಚಿಕ್ಕಮ್ಮನ ಹತ್ರ ಪಾಪ ಅಂದ್ರಲ್ಲ ಅತ್ತೆ, ಅದು ನನಗೇ ತಾನೇ? ಪರವಾಗಿಲ್ಲ, ಹೇಳಿ. ನನಗೇನೂ ಬೇಜಾರಿಲ್ಲ."

"ನಿಮಗಾ?" ಅತ್ತೆಗೆ ನಿಜವಾಗಿ ಆಶ್ಚರ್ಯವಾಗಿತ್ತು. "ನಿಮಗ್ಯಾಕ್ರೀ ಪಾಪ ಅನ್ಲಿ? ಅಳಿಯಂದ್ರು ಆ ಕೋಣೆ ಬಾಗಿಲು ಹಾಕ್ಕೊಂಡ್ರೆ ಲೋಕಾನೇ ಬೇಡ, ಒಳಗೆ ಎಗರ್ಕೊಂಡು ಎಷ್ಟು ಖುಷಿಯಾಗಿರ್ತಾರೆ ಅಂದೆ. ಇವಳು ನೋಡು, ಹೊರಗೆ ಇಸ್ತ್ರಿ ಮಾಡ್ಕೊಂಡು ಪೇಪರ್ ತಿದ್ಕೊಂಡು ಇರ್ತಾಳೆ, ಇವಳಿಗೆ ಅಂಥದ್ದು ಒಂದೂ ಇಲ್ಲ, ಪಾಪ ಅಂದೆ."

ಕಾರು ನಿಂತಿತು. ಕೆಂಪು ದೀಪವೇನೂ ಇರಲಿಲ್ಲ.

"ನನಗಾ?" ಎಂದಳು ಹೆಂಡತಿ. "ಅಮ್ಮಾ, ನನಗೆ ಪಾಪ ಅಂದ್ಯಾ? ಇಡೀ ಊರಿನ ಮುಂದೆ, ಅಷ್ಟು ಹೊತ್ತು, ಅಷ್ಟು ಜೋರಾಗಿ? ನಾನೂ ಕೂತ್ಕೊಂಡು ಚಪ್ಪಾಳೆ ಬೇರೆ ತಟ್ಟಿದೀನಿ!"

"ನೆಟ್ಟಗೆ ಕೂತು ಗಾಡಿ ಓಡಿಸು. ಹಿಂದೆ ಬಸ್ಸಿದೆ."

ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ಅವನಿಗೆ ಮೊದಲು ಅನ್ನಿಸಿದ್ದು ಹಗುರ. ನಾನಲ್ಲ, ಸದ್ಯ, ನಾನಲ್ಲ. ಆ ಹಗುರದ ಹಿಂದೆಯೇ ಸ್ವಲ್ಪ ತಡೆದು ಇನ್ನೊಂದು ಬಂತು. ನಿನ್ನೆಯಿಂದ ಆ ಮಾತನ್ನು ತನ್ನದೆಂದು ಎದೆಗವಚಿಕೊಂಡು ತಿರುಗಿದ್ದೆನಲ್ಲ, ಅದನ್ನೂ ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ. ಕಂಬಳಿ ಹಾಸಿದ ಮೇಜು ಕಣ್ಣಿಗೆ ಬಂತು. ಕೆಂಪು ಗುಂಡಿಯ ಕಡೆ ಚಾಚಿದ ಬೆರಳು ಬಂತು. ಈ ಹೊತ್ತಿಗೆ ಹೇಳಬೇಕಾದ ಮಾತು ಒಂದೇ ಇತ್ತು, ಎರಡೇ ಅಕ್ಷರದ್ದು, ಅದನ್ನು ಹೇಳಿದರೆ ಅವಳು ಕಾರಿನಿಂದ ಇಳಿಸಿಬಿಡುತ್ತಾಳೆಂದು ಗೊತ್ತಿದ್ದರಿಂದ ನುಂಗಿಕೊಂಡ.

ಮನೆಗೆ ಬಂದವಳೇ ಅವಳು ಚಪ್ಪಲಿ ಬಿಟ್ಟು, ಪೆಟ್ಟಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡು, ಇಸ್ತ್ರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು. ಆಮೇಲೆ ಒಂದೊಂದೇ ವೈರು ಕೀಳುವ ಪಟ್, ಪಟ್. ಇಡೀ ಸಂಜೆಯ ಸಂಗೀತ ಪಟ್ ಪಟ್ ಎಂದು ಹೋಗುತ್ತಿತ್ತು. ಅವನು ಎದ್ದ. "ಕೂತ್ಕೊಳ್ಳಿ" ಎಂದರು ಅತ್ತೆ. ಕೂತ. ಒಳಗಿಂದ ಒಂದು ಕಿರುಚಾಟ ಶುರುವಾಯಿತು. ಯಾವ ಗುಂಡಿ ಎಷ್ಟು ಹೆಚ್ಚಾಗಿದೆಯೆಂದು ಅವನಿಗೆ ಕೂತಲ್ಲಿಂದಲೇ ಗೊತ್ತಾಗುತ್ತಿತ್ತು, ಒಂದು ಚೂರು ಎಡಕ್ಕೆ ತಿರುಗಿಸಿದರೆ ಸಾಕು, ಒಂದೇ ಚೂರು. ಕೈಬೆರಳುಗಳು ತಮ್ಮಷ್ಟಕ್ಕೇ ಗಾಳಿಯಲ್ಲಿ ತಿರುಗಿಸಿದವು. ಕಿರುಚಾಟಕ್ಕೆ ದಬದಬ ಸೇರಿತು, ದಬದಬಕ್ಕೆ ಹಳೇ ಬಾಗಿಲು ನರಳಿದಂಥದ್ದೊಂದು ಸೇರಿತು. ತಾಳವಿಲ್ಲ, ಶ್ರುತಿಯಿಲ್ಲ, ಲಜ್ಜೆಯಿಲ್ಲ. ಅದರ ಮಧ್ಯೆ ಹೆಂಡತಿ ಜೋರಾಗಿ ನಕ್ಕಳು. ಮತ್ತೆ ದಬದಬ. ಅತ್ತೆ ಸಾವಕಾಶವಾಗಿ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು, ಡಬ್ಬವನ್ನು ಅವನ ಕಡೆ ತಳ್ಳಿದರು. ಅವನು ತೆಗೆದುಕೊಳ್ಳಲಿಲ್ಲ.

ಬೆಲ್ಲು ಆಯಿತು. ಕೆಳಗಿನ ಮನೆಯ ಇನ್ಶೂರೆನ್ಸ್ ಏಜೆಂಟರು ಬಾಗಿಲಲ್ಲಿ ನಿಂತಿದ್ದರು, ಒಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು.

"ಡಾಕ್ಟ್ರೇ, ಏನ್ರೀ ಇದು ಇವತ್ತು? ದಿನಾ ಬರ್ತಿದ್ದಿದ್ದೇ ಎಷ್ಟೋ ವಾಸಿ ಇತ್ತಲ್ರೀ. ಅದರಲ್ಲಿ ಏನೋ ಒಂದು ಇರ್ತಿತ್ತು."

ಇಷ್ಟು ವರ್ಷಗಳಲ್ಲಿ ಅವನ ಸಂಗೀತಕ್ಕೆ ತಾನಾಗಿ ಬಂದ ಮೊದಲ ಮೆಚ್ಚುಗೆ ಅದು. ಬೇರೆ ದಿನವಾಗಿದ್ದರೆ ಅವರನ್ನು ಒಳಗೆ ಕರೆದು ಕೂರಿಸಿ, ಏನೋ ಒಂದು ಅಂದರೆ ಏನು ಎಂದು ಬಿಡಿಸಿ ಕೇಳುತ್ತಿದ್ದ. ಇಲ್ಲವೆ ಯಾವತ್ತಿನಂತೆ ಕ್ಷಮಿಸಿ, ಈಗಲೇ ನಿಲ್ಲಿಸ್ತೀನಿ ಎಂದು ಓಡುತ್ತಿದ್ದ. ಅವನು ಹೊಸ್ತಿಲ ಮೇಲೆ ಅಡ್ಡ ನಿಂತುಕೊಂಡ.

"ಇವತ್ತು ನನ್ನದಲ್ಲ," ಎಂದ, ಆ ದಬದಬದ ಮೇಲೆ ಕೇಳಿಸಲೆಂದು ಸ್ವಲ್ಪ ದನಿಯೆತ್ತಿ. "ಮನೆಯವಳದು."

"ಎಷ್ಟು ಹೊತ್ತಿಗೆ ಮುಗಿಯತ್ತೆ?"

"ಗೊತ್ತಿಲ್ಲ ಸಾರ್. ಈಗ ತಾನೇ ಶುರು ಮಾಡಿದ್ದಾಳೆ."